ಕಳೆಗೂ ಬೇಕು ಒಂದು ಕಡತ

ಸಾಸಿವೆ ಕುಟುಂಬದ ಕಾಡುಗಿಡಗಳು ನಮ್ಮ ಬಯಲುಸೀಮೆಯಲ್ಲಿ ಬೆರಳೆಣಿಕೆಯಷ್ಟು. ಅವುಗಳ ಸೋದರ ಬಳಗ ಮಾತ್ರ ಶಿಗ್ಗಾಂವದ ಹೊಲದ ಒಡ್ಡಿನಿಂದ ಹಿತ್ತಲಿನವರೆಗೆ ಹಬ್ಬಿದೆ. ಒಣಗಿಸಿ ಹಾಳೆಗೆ ಅಂಟಿಸಿಟ್ಟ ಗಿಡಗಳು ಶತಮಾನದ ಹವಾಮಾನ, ಬೇಸಾಯ, ಚಿಟ್ಟೆಗಳ ಲೆಕ್ಕ ಒಪ್ಪಿಸುತ್ತವೆ. ಆದರೆ ಎಲ್ಲರ ಕಾಲಿಗೂ ತೊಡರುವ ಕಳೆಯನ್ನು ಹಾಳೆಗೇರಿಸುವವರು ಯಾರು?

ಶ್ರಾವಣದ ಜಿಟಿಜಿಟಿ ಮಳೆ ಒಂದು ದಿನದ ಮಟ್ಟಿಗೆ ಬಿಡುವು ಕೊಟ್ಟಿದೆ. ಶಿಗ್ಗಾಂವ ಸೀಮೆಯ ಗೋವಿನಜೋಳದ ಹೊಲ. ಎಡೆ ಹೊಡೆದು ಮುಗಿದಿದೆ. ಹೆಣ್ಣಾಳುಗಳು ಕುರ್ಪಿ ಹಿಡಿದು ಸಾಲಿಗೊಬ್ಬರಂತೆ ಕೂತಿದ್ದಾರೆ. ಕಿತ್ತ ಕಸ ಒಡ್ಡಿನ ಮೇಲೆ ಗುಡ್ಡೆ ಬೀಳುತ್ತಿದೆ. ಆ ಗುಡ್ಡೆಯಲ್ಲಿ ಮೊಣಕಾಲೆತ್ತರದ್ದೊಂದು ಗಿಡ: ಹಳದಿ ಹೂ, ಮುಟ್ಟಿದರೆ ಬೆರಳಿಗೆ ಅಂಟುವ ಮೈ, ಮೂಗಿಗೆ ಹಿಡಿದರೆ ಒಂಥರಾ ಘಾಟು.

“ಯಮ್ಮಾ, ಅದನ್ನ ಒಗೀಬ್ಯಾಡ್ರಿ. ಬೇರು ಸಹಿತ ನನಗ ಬೇಕು,” ಎನ್ನುತ್ತಾಳೆ ಬಿ.ಎಸ್ಸಿ. ಓದುವ ಹುಡುಗಿ.

“ಈ ಕಸಾ ತಗೊಂಡು ಏನ್ ಮಾಡ್ತಿಯವಾ?”

“ಪ್ರಾಕ್ಟಿಕಲ್‌ಗೆ ರೀ. ಒಣಗಿಸಿ ಹಾಳಿಗೆ ಹಚ್ಚಬೇಕು.”

ಸಾಲಿನುದ್ದಕ್ಕೂ ನಗು ಹರಿಯುತ್ತದೆ. ದಿನಗೂಲಿ ಕೊಟ್ಟು ಕೀಳಿಸುವ ಕಸವನ್ನು ಜೋಪಾನವಾಗಿ ಮನೆಗೆ ಒಯ್ಯುವವರೂ ಇದ್ದಾರಲ್ಲ!

ಸಸ್ಯಶಾಸ್ತ್ರ ಓದುವ ಮಕ್ಕಳಿರುವ ಊರುಗಳಿಗೆ ಮಳೆಗಾಲದ ಈ ನೋಟ ಹೊಸದಲ್ಲ. ಗಿಡ ರದ್ದಿ ಪೇಪರಿನ ಮಡಿಕೆ ಸೇರುತ್ತದೆ, ಹಲಗೆಯ ಅಡಿಯಲ್ಲಿ ಚಪ್ಪಟೆಯಾಗುತ್ತದೆ, ದಪ್ಪ ಹಾಳೆಗೆ ಅಂಟುತ್ತದೆ. ಕೆಳಗೆ ಬಲಮೂಲೆಯಲ್ಲಿ ಒಂದು ಚೀಟಿ: ಹೆಸರು, ಊರು, ತಾರೀಖು. ಇದೇ ಹರ್ಬೇರಿಯಂ. ಪರೀಕ್ಷೆ ಮುಗಿದ ಮೇಲೆ ಆ ಹಾಳೆ ಎಲ್ಲಿಗೆ ಹೋಗುತ್ತದೆ ಎಂಬುದೇ ಈ ಬರಹದ ಪ್ರಶ್ನೆ.

ಕೇಸರ ಎಣಿಸಿದರೆ ಕುಲ ತಿಳಿಯಿತು

ಹುಡುಗಿ ಕೇಳಿ ಪಡೆದದ್ದು ನಾಯಿಸಾಸಿವೆ. 1753ರಲ್ಲಿ ಲಿನೇಯಸ್ ಇದಕ್ಕೆ ಕ್ಲಿಯೋಮೆ ವಿಸ್ಕೋಸಾ ಎಂದು ಹೆಸರಿಟ್ಟ. ನಾಲ್ಕು ಹಳದಿ ಎಸಳು, ಉದ್ದನೆಯ ಕಾಯಿ, ಒಳಗೆ ಕಂದು ಬಣ್ಣದ ಸಣ್ಣ ಬೀಜ. ಆ ಬೀಜವನ್ನು ಒಗ್ಗರಣೆಗೆ ಬಳಸುವ ಕಡೆಗಳೂ ದೇಶದಲ್ಲಿವೆ. ಇದು ಸಾಸಿವೆಯ ಕಾಡುರೂಪ ಎಂದು ಯಾರಾದರೂ ನಂಬುವಂತಿದೆ.

ಮಸೂರದ ಕೆಳಗೆ ಇಟ್ಟರೆ ಕಥೆ ಬೇರೆ. ಸಾಸಿವೆ ಹೂವಿನಲ್ಲಿ ಕೇಸರ ಆರೇ ಆರು: ನಾಲ್ಕು ಉದ್ದ, ಎರಡು ಗಿಡ್ಡ. ಮೂಲಂಗಿಗೂ ಎಲೆಕೋಸಿಗೂ ಇದೇ ಲೆಕ್ಕ. ನಾಯಿಸಾಸಿವೆಯಲ್ಲಿ ಹತ್ತಕ್ಕೂ ಹೆಚ್ಚು ಕೇಸರಗಳು ಗುಂಪುಗೂಡಿವೆ. ಕಾಯಿ ಒಡೆದು ನೋಡಿ: ಸಾಸಿವೆ ಕಾಯಿಯ ನಡುವೆ ತೆಳುವಾದ ಪೊರೆಯ ಗೋಡೆ ಇರುತ್ತದೆ, ಇಲ್ಲಿ ಗೋಡೆಯೇ ಇಲ್ಲ.

ಹೀಗಾಗಿ ಸಸ್ಯಶಾಸ್ತ್ರಜ್ಞರು ಇದನ್ನು ಸಾಸಿವೆಯ ಬ್ರಾಸಿಕೇಸಿ ಕುಟುಂಬದಿಂದ ಹೊರಗಿಟ್ಟು ಕ್ಲಿಯೋಮೇಸಿ ಎಂಬ ಬೇರೆ ಮನೆಗೆ ಸೇರಿಸಿದ್ದಾರೆ. ಹಾಗಾದರೆ ಅಸಲಿ ಕುಟುಂಬದ ಕಾಡುಗಿಡಗಳು ಎಲ್ಲಿ?

ತವರು ತಂಪಿನ ಸೀಮೆ

ಬ್ರಾಸಿಕೇಸಿ ಚಿಕ್ಕ ಕುಟುಂಬವಲ್ಲ. ಜಗತ್ತಿನಲ್ಲಿ ಸುಮಾರು 4,000 ಪ್ರಭೇದಗಳಿವೆ. ಹೂಕೋಸು, ನವಲಕೋಲು, ಮೂಲಂಗಿ ಎಲ್ಲವೂ ಇದರ ಮಕ್ಕಳೇ. ಆದರೆ ಕಾಡುಸದಸ್ಯರ ಬೀಡು ಮೆಡಿಟರೇನಿಯನ್ ಸುತ್ತಲಿನ ನಾಡುಗಳು, ಪಶ್ಚಿಮ ಮತ್ತು ಮಧ್ಯ ಏಷ್ಯಾ, ಹಿಮಾಲಯ. ಚಳಿಗಾಲ ಚಳಿಗಾಲವಾಗಿಯೇ ಇರುವ ಕಡೆ ಇವು ಹಿಗ್ಗುತ್ತವೆ.

ದಕ್ಷಿಣಕ್ಕೆ ಇಳಿದಂತೆ ಪಟ್ಟಿ ಮೊಟಕಾಗುತ್ತದೆ. ಕರ್ನಾಟಕದಲ್ಲಿ ಕಾಡುಗಿಡಗಳಾಗಿ ಸಿಗುವವು ಕೆಲವೇ. ರೊರಿಪ್ಪಾ ಗುಂಪಿನ ಸಣ್ಣ ಹಳದಿ ಹೂವಿನ ಗಿಡಗಳಿಗೆ ತೇವದ ನೆಲ ಬೇಕು, ಬಿಳಿ ಹೂವಿನ ಕಾರ್ಡಮೈನ್‌ಗೆ ಘಟ್ಟದ ತಂಪು ನೆರಳು ಬೇಕು. ಎರಡೂ ಗೇಣುದ್ದದ ಗಿಡಗಳು. ಎದ್ದು ಕಾಣುವ ಹೂವಿಲ್ಲ, ಹೊಗಳುವ ಪರಿಮಳವಿಲ್ಲ.

ಹೊಲದಲ್ಲಿ ರೈತ ಬಿತ್ತುವ ಸಾಸಿವೆ ಕಾಡಿನಿಂದ ನೇರವಾಗಿ ಬಂದದ್ದೂ ಅಲ್ಲ. ಅದು ಎರಡು ಪ್ರಭೇದಗಳ ಮಿಶ್ರಣ. ಇದನ್ನು ಕ್ರೋಮೊಸೋಮ್ ಲೆಕ್ಕದಿಂದ ಬಿಡಿಸಿ ತೋರಿಸಿದವರು ಕೊರಿಯಾ ಮೂಲದ ವಿಜ್ಞಾನಿ ನಾಗಹಾರು ಊ, 1935ರಲ್ಲಿ. 20 ಕ್ರೋಮೊಸೋಮ್‌ಗಳ ಟರ್ನಿಪ್ ಬಳಗದ ಗಿಡ ಮತ್ತು 16 ಕ್ರೋಮೊಸೋಮ್‌ಗಳ ಕರಿಸಾಸಿವೆ ಕೂಡಿ 36ರ ನಮ್ಮ ಸಾಸಿವೆ ಹುಟ್ಟಿದೆ.

ಶಿಗ್ಗಾಂವದ ನೆಲ ಈ ಕಾಡುಗಿಡಗಳ ಹುಡುಕಾಟಕ್ಕೆ ಹೇಳಿ ಮಾಡಿಸಿದ ಜಾಗ. ನೈಋತ್ಯಕ್ಕೆ ಹಾನಗಲ್ಲಿನ ಭತ್ತದ ಗದ್ದೆ, ಮಲೆನಾಡಿನ ಸೆರಗು. ಪೂರ್ವಕ್ಕೆ ಸವಣೂರಿನ ಎರೆಭೂಮಿ, ಬೆಳವಲದ ಬಾಗಿಲು. ತೇವ ಬೇಡುವ ಗಿಡ ಎಲ್ಲಿಯವರೆಗೆ ಬರುತ್ತದೆ, ಬಿಸಿಲಿಗೆ ಒಗ್ಗಿದ ಗಿಡ ಎಲ್ಲಿಂದ ಶುರುವಾಗುತ್ತದೆ ಎಂಬ ಗೆರೆಯನ್ನು ಎಳೆಯಬೇಕಾದದ್ದು ಇಂಥ ನಡುಸೀಮೆಯಲ್ಲೇ.

[ಚೌಕಟ್ಟು] ನಾಲಿಗೆಯೇ ಪ್ರಯೋಗಾಲಯ

• ಪಪ್ಪಾಯಿ ಬೀಜವನ್ನು ಹಲ್ಲಿನಲ್ಲಿ ಕಚ್ಚಿ. ಸಾಸಿವೆಯದೇ ಖಾರ. ಪಪ್ಪಾಯಿ ಸಾಸಿವೆಯ ದೂರದ ನೆಂಟ.

• ನುಗ್ಗೆಯ ಬೇರು ಜಜ್ಜಿದರೂ ಇದೇ ಬಗೆಯ ಘಾಟು. ನುಗ್ಗೆಯೂ ಅದೇ ನೆಂಟರ ಬಳಗದ್ದು.



• ಈ ಘಾಟಿದ್ದವೆಲ್ಲ ನೆಂಟರೇ ಎಂಬುದಕ್ಕೆ ಅಪವಾದ ಒಂದಿದೆ: ಪುತ್ರಂಜೀವ ಮರದ ಕುಟುಂಬ. ಸಾಸಿವೆಗೂ ಅದಕ್ಕೂ ನೆಂಟಸ್ತನವಿಲ್ಲ, ಆದರೂ ಘಾಟು ಹುಟ್ಟಿಸುವ ಅದೇ ರಾಸಾಯನಿಕದ ತಯಾರಿಯನ್ನು ಸ್ವತಂತ್ರವಾಗಿ ಕಲಿತಿದೆ.

ಘಾಟು ಬಿಟ್ಟುಕೊಟ್ಟ ಗುಟ್ಟು

ಡಬ್ಬಿಯಲ್ಲಿರುವ ಸಾಸಿವೆ ಕಾಳು ಮೂಸಿದರೆ ಏನೂ ಇಲ್ಲ. ನೀರು ಚಿಮುಕಿಸಿ ಅರೆದರೆ ನೆತ್ತಿಗೇರುತ್ತದೆ. ಯಾಕೆ?

ಕಾಳಿನೊಳಗೆ ಗ್ಲುಕೊಸಿನೊಲೇಟ್ ಎಂಬ ರಾಸಾಯನಿಕ ಒಂದು ಕಡೆ, ಮೈರೊಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಬೆಂಕಿಕಡ್ಡಿಯೂ ಪೆಟ್ಟಿಗೆಯ ಗೀರುಪಟ್ಟಿಯೂ ಇದ್ದ ಹಾಗೆ, ಒಂದಕ್ಕೊಂದು ತಾಕುವ ತನಕ ತಣ್ಣಗಿರುತ್ತವೆ. ಅರೆದಾಗ ಅಥವಾ ಹುಳು ಕಚ್ಚಿದಾಗ ಎರಡೂ ಕೂಡಿ ಘಾಟಿನ ಎಣ್ಣೆ ಹುಟ್ಟುತ್ತದೆ. ಕಾದ ಎಣ್ಣೆಗೆ ಬಿದ್ದ ಕಾಳಿನಲ್ಲಿ ಕಿಣ್ವವೇ ಸತ್ತುಹೋಗುವುದರಿಂದ ಒಗ್ಗರಣೆಯ ಸಾಸಿವೆ ಚಟಪಟ ಅನ್ನುತ್ತದೆಯೇ ಹೊರತು ಕಣ್ಣಲ್ಲಿ ನೀರು ತರಿಸುವುದಿಲ್ಲ. ಉಪ್ಪಿನಕಾಯಿಗೆ ಹಸಿಯಾಗಿ ಪುಡಿ ಮಾಡಿ ಹಾಕುವುದರ ಹಿಂದಿನ ಲೆಕ್ಕವೂ ಇದೇ.

ಈ ಘಾಟಿನ ಜಾಡು ಹಿಡಿದು 1975ರಲ್ಲಿ ಸ್ವೀಡಿಷ್ ಮೂಲದ ಸಸ್ಯವಿಜ್ಞಾನಿ ರಾಲ್ಫ್ ಡಾಲ್ಗ್ರೆನ್ ಒಂದು ದಿಟ್ಟ ವಿಂಗಡಣೆ ಮುಂದಿಟ್ಟರು. ಗ್ಲುಕೊಸಿನೊಲೇಟ್ ತಯಾರಿಸುವ ಕುಟುಂಬಗಳೆಲ್ಲ ಒಂದೇ ಗಣಕ್ಕೆ ಸೇರಬೇಕು ಎಂದರು. ನುಗ್ಗೆ ಮರವನ್ನೂ ಸಾಸಿವೆ ಗಿಡವನ್ನೂ ಒಂದೇ ಪಂಕ್ತಿಗೆ ಕೂರಿಸಿದಾಗ ಹುಬ್ಬೇರಿಸಿದವರಿದ್ದರು. 1990ರ ದಶಕದಲ್ಲಿ ಡಿಎನ್‌ಎ ಅಧ್ಯಯನಗಳು ಬಂದಾಗ, ಪುತ್ರಂಜೀವದ ಕುಟುಂಬವೊಂದನ್ನು ಬಿಟ್ಟು, ಅವರ ಊಹೆ ಹೆಚ್ಚುಕಡಿಮೆ ನಿಜವಾಯಿತು. 2002ರ ಇನ್ನೊಂದು ಅಧ್ಯಯನ ಇನ್ನೂ ಹತ್ತಿರ ಬಂತು: ಇಡೀ ಗಣದಲ್ಲಿ ಸಾಸಿವೆ ಕುಟುಂಬಕ್ಕೆ ಒಡಹುಟ್ಟಿದ್ದು ನಾಯಿಸಾಸಿವೆಯ ಕ್ಲಿಯೋಮೇಸಿಯೇ.

ಈ ನೆಂಟಸ್ತನ ಮನುಷ್ಯರಿಗಿಂತ ಮೊದಲು ಗೊತ್ತಿದ್ದದ್ದು ಚಿಟ್ಟೆಗಳಿಗೆ! ಎಲೆಕೋಸಿನ ಬಿಳಿ ಚಿಟ್ಟೆಯ ಹುಳುಗಳು ಸಾಸಿವೆ ಬಳಗವನ್ನೇ ಹುಡುಕಿ ತಿನ್ನುವುದೇಕೆ ಎಂದು 1910ರಲ್ಲಿ ಡಚ್ ವಿಜ್ಞಾನಿ ಎಡ್ವರ್ಡ್ ಫರ್ಷಾಫೆಲ್ಟ್ ಪರೀಕ್ಷಿಸಿದರು. ಅವು ಮೂಸಿಯೂ ನೋಡದ ಎಲೆಗೆ ಸಾಸಿವೆಯ ಈ ರಸಾಯನ ಸವರಿ ಕೊಟ್ಟರು. ಹುಳುಗಳು ಮೇಯತೊಡಗಿದವು. ಉಳಿದ ಕೀಟಗಳನ್ನು ಓಡಿಸಲು ಗಿಡ ಹೂಡಿದ ಅಸ್ತ್ರವೇ ಈ ಚಿಟ್ಟೆಗಳಿಗೆ ಊಟದ ಕರೆಯಾಗಿತ್ತು.

ಎಂಜಿನಿಯರ್, ಅರಣ್ಯಾಧಿಕಾರಿ, ಐಸಿಎಸ್ ಅಧಿಕಾರಿ

ನಮ್ಮ ಸೀಮೆಯ ಗಿಡಗಳನ್ನು ಹಾಳೆಗೇರಿಸಿದವರ ಕಥೆಯಲ್ಲೂ ಚಿಟ್ಟೆ ಇದೆ.

ಶಿಗ್ಗಾಂವ ಬ್ರಿಟಿಷರ ಕಾಲದಲ್ಲಿ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ತಾಲ್ಲೂಕಿಗೆ ಬಂಕಾಪುರದ ಹೆಸರು, ಕಚೇರಿ ಶಿಗ್ಗಾಂವದಲ್ಲಿ. ಪಕ್ಕದ ಸವಣೂರು ನವಾಬರ ಸಂಸ್ಥಾನ. ಇಡೀ ಪ್ರಾಂತ್ಯದ ಗಿಡಗಳ ಪಟ್ಟಿ ಮಾಡಿದವರು ಥಿಯೊಡೋರ್ ಕುಕ್. ಮೂಲತಃ ಎಂಜಿನಿಯರ್. ರೈಲ್ವೆ ಕೆಲಸಕ್ಕೆಂದು ಬಂದವರು ಪುಣೆಯ ಕಾಲೇಜಿನ ಪ್ರಾಂಶುಪಾಲರಾದರು, ಗಿಡಗಳ ಹುಚ್ಚು ಹಿಡಿಸಿಕೊಂಡರು. ಅವರ ಮುಂಬೈ ಪ್ರಾಂತ್ಯದ ಸಸ್ಯಸಂಪುಟಗಳು 1901ರಿಂದ 1908ರವರೆಗೆ ಕಂತುಕಂತಾಗಿ ಹೊರಬಂದವು. ಸಿಂಧ್ ಕೂಡ ಆಗ ಇದೇ ಪ್ರಾಂತ್ಯಕ್ಕೆ ಸೇರಿತ್ತು. ಮರುಭೂಮಿಯ ಅಂಚಿನ ಗಿಡವೂ ಕಾರವಾರದ ಮಳೆಕಾಡಿನ ಗಿಡವೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಬಂದದ್ದು ಹೀಗೆ.

ಇನ್ನೊಬ್ಬರು ಟಿ.ಆರ್.ಡಿ. ಬೆಲ್. ಐರ್ಲೆಂಡಿನಲ್ಲಿ ಹುಟ್ಟಿ ಅರಣ್ಯ ಇಲಾಖೆ ಸೇರಿದ ಅವರಿಗೆ ಉತ್ತರ ಕನ್ನಡವೇ ಊರಾಯಿತು. ನಿವೃತ್ತಿಯ ಮೇಲೂ ಕಾರವಾರ ಬಿಡಲಿಲ್ಲ, 1948ರಲ್ಲಿ ತೀರಿಕೊಂಡರು. ಚಿಟ್ಟೆಯ ಮೊಟ್ಟೆಯಿಂದ ಕೋಶದವರೆಗೆ ಸಾಕಿ ನೋಡಿ ಬರೆದವರು ಅವರು. ಯಾವ ಹುಳು ಯಾವ ಎಲೆ ತಿನ್ನುತ್ತದೆ ಎಂದು ಬರೆಯಬೇಕಾದರೆ ಎಲೆಯ ಗುರುತು ಪಕ್ಕಾ ಇರಬೇಕಲ್ಲ? ಚಿಟ್ಟೆಯ ಹಿಂದೆ ಹೋದವರಿಗೆ ಗಿಡದ ನಂಟು ಬಿಡಲಿಲ್ಲ. ಸಸ್ಯಸಂಗ್ರಹದಲ್ಲಿ ಅವರ ಜೊತೆಗಾರ ಐಸಿಎಸ್ ಅಧಿಕಾರಿ ಎಲ್.ಜೆ. ಸೆಡ್ಜ್‌ವಿಕ್. ‘ಸೆಡ್ಜ್‌ವಿಕ್ ಮತ್ತು ಬೆಲ್’ ಎಂಬ ಜೋಡಿಹೆಸರಿನ ಹಾಳೆಗಳು ಇಂದು ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂನಲ್ಲಿವೆ.

ಇವರೆಲ್ಲ ಮಹಾ ಶ್ರಮಜೀವಿಗಳು. ಆದರೂ ಸಂಗ್ರಾಹಕರಿಗೆ ಒಂದು ಸೆಳೆತ ತಪ್ಪಿದ್ದಲ್ಲ. ಹೊಸ ಪ್ರಭೇದ ಸಿಗುವುದು ಘಟ್ಟದಲ್ಲಿ, ಜಲಪಾತದ ಬದಿಯಲ್ಲಿ, ದಟ್ಟ ಕಾಡಿನಲ್ಲಿ. ಹತ್ತಿ ಹೊಲದ ಕಳೆಗಾಗಿ ಕುದುರೆಯಿಂದ ಇಳಿಯುವವರು ವಿರಳ. ಇದು ನಮ್ಮಲ್ಲಿ ಮಾತ್ರವಲ್ಲ, ಲೋಕದ ಎಲ್ಲ ಸಂಗ್ರಹಗಳ ಹಣೆಬರಹ. ರಸ್ತೆಗೆ ಹತ್ತಿರದ ಜಾಗಗಳಿಂದ, ಕೆಲವೇ ಮಂದಿಯ ಕೈಯಿಂದ, ಆಯ್ದ ಋತುಗಳಲ್ಲಿ ಬಂದ ಹಾಳೆಗಳೇ ಕಪಾಟು ತುಂಬಿವೆ ಎಂದು ಅಧ್ಯಯನಗಳು ತೋರಿಸಿವೆ.

[ಚೌಕಟ್ಟು] ಒಣಗಿಡಗಳ ಲೆಕ್ಕ

• ಗಿಡವನ್ನು ಒತ್ತಿ ಒಣಗಿಸಿ ಕಾಗದಕ್ಕೆ ಅಂಟಿಸುವ ಪದ್ಧತಿ 1540ರ ದಶಕದ ಹೊತ್ತಿಗೆ ಇಟಲಿಯಲ್ಲಿ ಬೇರೂರಿತ್ತು. ಲೂಕಾ ಗಿನಿ ಎಂಬ ಪ್ರಾಧ್ಯಾಪಕ ಅದರ ಹರಿಕಾರ.

• ಜಗತ್ತಿನಲ್ಲಿ ಇಂದು 3,000ಕ್ಕೂ ಹೆಚ್ಚು ಹರ್ಬೇರಿಯಂಗಳಿವೆ. ಒಟ್ಟು ಹಾಳೆಗಳು 39 ಕೋಟಿಯ ಆಸುಪಾಸು.

• ದೇಶದ ದೊಡ್ಡ ಸಂಗ್ರಹ ಹೌರಾದ ಸೆಂಟ್ರಲ್ ನ್ಯಾಷನಲ್ ಹರ್ಬೇರಿಯಂ: ಸುಮಾರು 20 ಲಕ್ಷ ಮಾದರಿಗಳು.

• ಪುಣೆಯಲ್ಲಿ ಭಾರತೀಯ ಸಸ್ಯಸರ್ವೇಕ್ಷಣಾ ಸಂಸ್ಥೆಯ ಪಶ್ಚಿಮ ಕೇಂದ್ರ ಶುರುವಾದದ್ದು 1955ರಲ್ಲಿ.

ಹಾಳೆ ಓದುವ ಹೊಸ ವಿದ್ಯೆ

ಹಾಳೆ ಅಂಟಿಸಿದವರು ಗಿಡದ ಗುರುತಿಗೆಂದು ಅಂಟಿಸಿದರು. ಇವತ್ತಿನ ವಿಜ್ಞಾನಿಗಳು ಅದರಿಂದ ಬೇರೇನೋ ಓದುತ್ತಿದ್ದಾರೆ.

ಬಾಸ್ಟನ್ನಿನ ಆರ್ನಾಲ್ಡ್ ಸಸ್ಯೋದ್ಯಾನದ ಮರಗಿಡಗಳ ಹಳೆಯ ಹಾಳೆಗಳಲ್ಲಿ ಹೂವಿದ್ದ ತಾರೀಖನ್ನು ಅದೇ ಮರಗಳ ಇಂದಿನ ಹೂವಿನೊಂದಿಗೆ ಹೋಲಿಸಿದರು. 1900ರಿಂದ 1920ರ ಕಾಲಕ್ಕಿಂತ 1980ರಿಂದ 2002ರ ಕಾಲದಲ್ಲಿ ಹೂ ಸರಾಸರಿ 8 ದಿನ ಮುಂಚೆ ಅರಳಿತ್ತು. ಚೀಟಿಯ ಮೇಲಿನ ತಾರೀಖು ಹವಾಮಾನದ ಸಾಕ್ಷಿಯಾಯಿತು.

1987ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ವುಡ್‌ವರ್ಡ್ ಅವರು ಕೇಂಬ್ರಿಜ್ ಹರ್ಬೇರಿಯಂನ ಎಲೆಗಳ ಪತ್ರರಂಧ್ರಗಳನ್ನು ಎಣಿಸಿದರು. 200 ವರ್ಷಗಳಲ್ಲಿ ಅವುಗಳ ಸಾಂದ್ರತೆ ಸುಮಾರು 40 ಪ್ರತಿಶತ ಇಳಿದಿತ್ತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದಕ್ಕೆ ಎಲೆಗಳು ಹೀಗೆ ಉತ್ತರ ಕೊಟ್ಟಿದ್ದವು.

ಸಾಸಿವೆ ಕುಟುಂಬವಂತೂ ಈ ವಿದ್ಯೆಯ ಮುಂಚೂಣಿಯಲ್ಲಿದೆ. ಅದರ ಪುಟ್ಟ ಕಳೆ ಅರಾಬಿಡಾಪ್ಸಿಸ್, ಜೀನೋಮ್ ಪೂರ್ತಿ ಓದಿಸಿಕೊಂಡ ಮೊದಲ ಗಿಡ (2000). ಅಮೆರಿಕದ ಹರ್ಬೇರಿಯಂಗಳಲ್ಲಿ 19ನೇ ಶತಮಾನದಿಂದ ಒಣಗಿ ಕೂತಿದ್ದ ಅದರ ಹಾಳೆಗಳಿಂದ ಡಿಎನ್‌ಎ ತೆಗೆದು, ಈ ಗಿಡ ಯುರೋಪಿನಿಂದ ಅಲ್ಲಿಗೆ 1600ರ ಸುಮಾರಿಗೆ ಬಂದಿಳಿಯಿತೆಂದು ಲೆಕ್ಕ ಹಾಕಿದ್ದಾರೆ. ಅದೇ ಕುಟುಂಬದ, ಬೆಳ್ಳುಳ್ಳಿ ವಾಸನೆಯ ಇನ್ನೊಂದು ಕಳೆ ಅಮೆರಿಕದ ಕಾಡುಗಳನ್ನು ಕಾಡುತ್ತಿದೆ. ಅದು ಅಲ್ಲಿ ಮೊದಲು ದಾಖಲಾದದ್ದು 1868ರಲ್ಲಿ, ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ.

ಈಗ ನಮ್ಮ ಒಡ್ಡಿಗೆ ಬನ್ನಿ. ಕಾಂಗ್ರೆಸ್ ಕಸ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು 1955ರಲ್ಲಿ. ಶಿಗ್ಗಾಂವಕ್ಕೆ ಬಂದದ್ದು ಯಾವ ವರ್ಷ? ಸವಣೂರಿಗೆ ಮೊದಲೋ, ಹಾನಗಲ್ಲಿಗೆ ಮೊದಲೋ? ಹಿರಿಯರನ್ನು ಕೇಳಿದರೆ “ನಮ್ಮ ಸಣ್ಣಂದಿನಾಗ ಇದು ಇರ್ಲಿಲ್ಲ” ಎಂಬ ಉತ್ತರ ಸಿಗುತ್ತದೆ. ಕಾಲೇಜು ಮಕ್ಕಳು ವರ್ಷವರ್ಷ ಅಂಟಿಸಿದ ಕಳೆಯ ಹಾಳೆಗಳು ತಾಲ್ಲೂಕಿಗೊಂದು ಕಪಾಟಿನಲ್ಲಿ ಉಳಿದಿದ್ದರೆ ಉತ್ತರದಲ್ಲಿ ಇಸವಿಯೂ ಇರುತ್ತಿತ್ತು.

ಸಾಮಾನ್ಯ ಗಿಡದ ಅಪಾಯ

ಕಳೆಯಲ್ಲವೇ, ಅದೆಲ್ಲಿ ಹೋಗುತ್ತದೆ ಎಂಬ ಭರವಸೆ ಎಲ್ಲರದು. ಆದರೆ ಗೋವಿನಜೋಳದ ಹೊಲಗಳಲ್ಲಿ ಕುರ್ಪಿಯ ಜಾಗಕ್ಕೆ ಕಳೆನಾಶಕ ಬಂದಿದೆ. ಬಿತ್ತಿದ ಬೆನ್ನಿಗೇ ಸಿಂಪಡಿಸುವ ಅಟ್ರಾಜಿನ್ ಬಹುತೇಕ ಅಗಲ ಎಲೆಯ ಕಳೆಗಳನ್ನು ಮೊಳಕೆಯಲ್ಲೇ ಹೊಸಕುತ್ತದೆ. ಆಳಿನ ಅಭಾವದಲ್ಲಿ ರೈತನಿಗೆ ಅದು ಅನುಕೂಲ, ದೂರುವಂತಿಲ್ಲ. ಆದರೆ ಕಳೆಗಳ ಪಟ್ಟಿ ಬದಲಾಗುತ್ತದೆ. ಬದಲಾದದ್ದನ್ನು ತೋರಿಸಲು ಮೊದಲಿನ ಪಟ್ಟಿ ಬೇಕು.

ಅಮೆರಿಕದಲ್ಲಿ ಇದೇ ಪ್ರಶ್ನೆ ದೊಡ್ಡ ಜಗಳವಾಯಿತು. ಮೊನಾರ್ಕ್ ಚಿಟ್ಟೆಯ ಹುಳು ತಿನ್ನುವುದು ಎಕ್ಕದ ಬಳಗದ ಮಿಲ್ಕ್‌ವೀಡ್ ಎಂಬ ಕಳೆಯನ್ನು. ಕಳೆನಾಶಕ ತಾಳುವ ಕುಲಾಂತರಿ ಬೆಳೆಗಳು ಬಂದ ಮೇಲೆ ಆ ಗಿಡವೂ ಚಿಟ್ಟೆಯೂ ಕುಸಿದವು ಎಂಬ ವಾದವಿತ್ತು. 2019ರಲ್ಲಿ ಸಂಶೋಧಕರ ಒಂದು ತಂಡ ಹರ್ಬೇರಿಯಂ ಮತ್ತು ಮ್ಯೂಸಿಯಂ ದಾಖಲೆ ಜಾಲಾಡಿ, ಕುಸಿತ ಕುಲಾಂತರಿಗಿಂತ ಎಷ್ಟೋ ಮೊದಲೇ, 20ನೇ ಶತಮಾನದ ನಡುಭಾಗದಲ್ಲೇ ಶುರುವಾಗಿತ್ತು ಎಂದಿತು. ಕೂಡಲೇ ಮರುಮಾತು ಬಂತು: ಹಾಳೆ ಕಡಿಮೆಯಾಗಿದೆ ಎಂದರೆ ಗಿಡ ಕಡಿಮೆಯಾಯಿತು ಎಂದರ್ಥವೇ, ಸಂಗ್ರಹಿಸುವವರೇ ಕಡಿಮೆಯಾದರು ಎಂದೇ?

ಕೋಟಿಗಟ್ಟಲೆ ಹಾಳೆಗಳಿರುವ ದೇಶದಲ್ಲೇ ಸಾಮಾನ್ಯ ಕಳೆಯೊಂದರ ಚರಿತ್ರೆಗೆ ಈ ಪಾಡು. ಎಲ್ಲೆಡೆ ಇದೆಯೆಂದು ಯಾರೂ ನಿಯಮಿತವಾಗಿ ಕೀಳಲಿಲ್ಲ, ಅಷ್ಟೇ.

[ಚೌಕಟ್ಟು] ಬಾಳುವ ಹಾಳೆಗೆ ಐದು ಸೂತ್ರ

• ಹೂ, ಕಾಯಿ, ಎಲೆ, ಬೇರು ಎಲ್ಲ ಇರುವ ಗಿಡ ಆರಿಸಿ. ಸಾಸಿವೆ ಬಳಗದಲ್ಲಿ ಕಾಯಿ ಇಲ್ಲದಿದ್ದರೆ ಗುರುತು ಕಷ್ಟ.

• ರದ್ದಿ ಪೇಪರನ್ನು ಮೊದಲ ಕೆಲವು ದಿನ ತಪ್ಪದೆ ಬದಲಿಸಿ. ನಾಯಿಸಾಸಿವೆಯಂಥ ಅಂಟುಗಿಡ ಕಾಗದಕ್ಕೆ ಹತ್ತಿಕೊಳ್ಳದಂತೆ ನೋಡಿ.

• ಹಾಳೆಯ ಅಳತೆ 42 × 28 ಸೆಂ.ಮೀ.

• ಹೂವಿನ ಬಣ್ಣ, ವಾಸನೆ ಬರೆದಿಡಿ. ಒಣಗಿದ ಮೇಲೆ ಎರಡೂ ಉಳಿಯುವುದಿಲ್ಲ.

• ಹುಳ ಬೀಳದಂತೆ ಹರ್ಬೇರಿಯಂಗಳಲ್ಲಿ ಬಳಸುತ್ತ ಬಂದ ಮರ್ಕ್ಯುರಿಕ್ ಕ್ಲೋರೈಡ್ ಘೋರ ವಿಷ. ಮಕ್ಕಳ ಕೈಗೆ ಅದು ಬೇಡ.

ತಾಲ್ಲೂಕಿಗೊಂದು ಕಪಾಟು

ಶಿಗ್ಗಾಂವ ತಾಲ್ಲೂಕಿನ ಬಾಡ ಕನಕದಾಸರ ಹುಟ್ಟೂರು. ಅಕ್ಕಿಯ ಎದುರು ರಾಗಿಯನ್ನು ಗೆಲ್ಲಿಸಿ ‘ರಾಮಧಾನ್ಯ ಚರಿತೆ’ ಬರೆದವರು ಅವರು. ಕಡೆಗಣಿಸಿದ್ದಕ್ಕೆ ನ್ಯಾಯ ಕೊಡುವುದು ಈ ಮಣ್ಣಿಗೆ ಹೊಸ ಪಾಠವಲ್ಲ.

ಅನುಕೂಲಗಳೂ ಇವೆ. ಇದೇ ತಾಲ್ಲೂಕಿನ ಗೋಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಹೆಚ್ಚು ದೂರವಿಲ್ಲದ ಧಾರವಾಡ, ಅಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗ ಮತ್ತು ಕೃಷಿ ವಿಶ್ವವಿದ್ಯಾಲಯ. ಗಿಡದ ಶಾಸ್ತ್ರೀಯ ಗುರುತು ಧಾರವಾಡದವರು ಹೇಳಬಲ್ಲರು. ಅದನ್ನು ಯಾವ ತಿಂಗಳು ಪಲ್ಯ ಮಾಡುತ್ತಾರೆ, ಯಾವ ದನ ಮೂಸುವುದಿಲ್ಲ, ಯಾವ ಹೊಲದಲ್ಲಿ ಹೆಚ್ಚು ಏಳುತ್ತದೆ ಎಂಬುದನ್ನು ಕಳೆ ಕೀಳುವ ಹೆಂಗಸರು ಹೇಳಬಲ್ಲರು. ಹಳೆಯ ಸಂಗ್ರಾಹಕರ ಚೀಟಿಗಳಲ್ಲಿ ಇಲ್ಲದ ಸಂಗತಿ ಈ ಎರಡನೆಯದು.

ವರ್ಷವರ್ಷ ಪದವಿ ವಿದ್ಯಾರ್ಥಿಗಳು ಹಾಳೆ ಮಾಡುತ್ತಲೇ ಇದ್ದಾರೆ. ಅಂಕ ಬಿದ್ದ ಮೇಲೆ ಅವು ಅಟ್ಟಕ್ಕೋ ರದ್ದಿಗೋ ಹೋಗುತ್ತವೆ. ಹೊಸ ಯೋಜನೆ, ಹೊಸ ಅನುದಾನ ಯಾವುದೂ ಬೇಕಿಲ್ಲ. ಪರೀಕ್ಷೆಗೆ ಬಂದ ಹಾಳೆಗಳಲ್ಲಿ ಚೀಟಿ ಸರಿಯಾಗಿರುವಷ್ಟನ್ನು ಆರಿಸಿ ಒಣಕಪಾಟಿನಲ್ಲಿ ಇಟ್ಟು, ಮೊಬೈಲಿನಲ್ಲಿ ಒಂದೊಂದು ಚಿತ್ರ ತೆಗೆದರೆ ಕೆಲಸ ಶುರುವಾದಂತೆ. ‘ಶಿಗ್ಗಾಂವ’ ಎಂದಷ್ಟೇ ಬರೆದರೆ ಸಾಲದು. ಯಾವ ಊರು, ಗೋವಿನಜೋಳವೋ ಹತ್ತಿಯೋ, ಕಳೆನಾಶಕ ಹೊಡೆದದ್ದೋ ಅಲ್ಲವೋ ಎಂದು ಬರೆಯಬೇಕು.

ಅಪರೂಪದ ಆರ್ಕಿಡ್‌ಗೆ ಕಾವಲುಗಾರರು ಹೇಗೂ ಸಿಗುತ್ತಾರೆ. ನಾಯಿಸಾಸಿವೆ, ರೊರಿಪ್ಪಾದಂಥವಕ್ಕೆ ಇರುವುದು ಪರೀಕ್ಷೆಗೆ ಓದುವ ಮಕ್ಕಳು ಮಾತ್ರ. ಅವರ ಹಾಳೆಗೆ ಹತ್ತು ಅಂಕ ಕೊಟ್ಟು ಕೈತೊಳೆದುಕೊಳ್ಳುವ ಬದಲು ಒಂದು ಸಂಖ್ಯೆ ಕೊಟ್ಟು ಕಪಾಟಿಗೆ ಸೇರಿಸಿದರೆ, ಮುಂದೆ ಈ ಹೊಲಗಳ ಲೆಕ್ಕ ಕೇಳುವವರಿಗೆ ತಾರೀಖು ಸಮೇತ ಉತ್ತರ ಸಿಗುತ್ತದೆ.